ನೀರಿನ ಕೋಲು

ಕಳೆದ ತಿಂಗಳು ಚನ್ನಗಿರಿಯ ನಮ್ಮ ಹಳೆಯ ಕಚೇರಿಯಿಂದ ಫೋನ್ ಬಂತು. ಮೀನುಗಾರಿಕೆ ಕೆಲಸಕ್ಕೆ ಹೊಸದಾಗಿ ಐದಾರು ಜನ ಸೇರಿದ್ದಾರೆ, ಚಳಿಗಾಲದಲ್ಲಿ ಕೆರೆಯಂಚಿನ ಆಳವಿಲ್ಲದ ನೀರಿನಲ್ಲಿ ಎಳೆಬಲೆ ಹೇಗೆ ಎಳೆಯುವುದು ಎಂದು ನಾಲ್ಕು ಮಾತು ಹೇಳಿ ಹೋಗಿ ಎಂದರು. ಹೋದೆ. ಎದ್ದು ನಿಂತು, "ನನಗೆ ಈ ಕೆಲಸ ಕಲಿಸಿದವನು ತಿಪ್ಪಣ್ಣ" ಎಂದೆ. ಮುಂದಿನ ಮಾತು ಬರಲಿಲ್ಲ. ನೀರು ಕುಡಿದು ಮತ್ತೆ ನಿಂತೆ. ಆಗಲೂ ಬರಲಿಲ್ಲ. ಬರೆದು ಕಳಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿ ನ್ಯಾಮತಿಗೆ ಬಂದುಬಿಟ್ಟೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತಿಪ್ಪಣ್ಣ ಕೆರೆಬಿಳಚಿ ಕಡೆಯ ದೊಡ್ಡ ಕೆರೆಯ ಬಲೆಗಾರ. ನಮ್ಮ ಕಚೇರಿಯವರು ಆ ಕೆರೆಗೆ ಇಳಿದಾಗಲೆಲ್ಲ ದಿನಗೂಲಿಯ ಮೇಲೆ ಬಲೆ ತರುತ್ತಿದ್ದ. ಇಪ್ಪತ್ತಾರು ಚಳಿಗಾಲ ಅವನೂ ನಾನೂ ಒಂದೇ ಬಲೆಯ ಎರಡು ತುದಿ ಹಿಡಿದೆವು. ಹೋದ ಶ್ರಾವಣದಲ್ಲಿ ಅವನು ತೀರಿಕೊಂಡ. ನೀರಿನಲ್ಲಲ್ಲ, ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ.

ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಎಳೆಬಲೆಗೆ ಎರಡು ಕೋಲು, ಇಬ್ಬರು ಆಳು. ದಡದ ಪಕ್ಕ ನಡೆಯುವವನದು ದಡದ ಕೋಲು. ಆಳದ ಕಡೆ ನಡೆಯುವವನದು ನೀರಿನ ಕೋಲು. ಇಬ್ಬರಲ್ಲಿ ಒಬ್ಬ ಸತ್ತರೆ ಬಲೆಯನ್ನು ತೊಳೆದು, ಸೀಸದ ಗುಂಡುಗಳಿರುವ ಅಂಚನ್ನು ಗಂಟು ಕಟ್ಟಿ, ಮನೆಯ ಜಂತಿಗೆ ತೂಗುಹಾಕುತ್ತಾರೆ. ಉಳಿದವನು ಬಂದು, ಸತ್ತವನ ಕೋಲನ್ನು ತಾನು ಹಿಡಿದು, ಅದೇ ನೀರಿನಲ್ಲಿ ಒಂದು ಸಲ ಎಳೆಯಬೇಕು. ಸಿಕ್ಕ ಮೀನನ್ನೆಲ್ಲ ಬಿಟ್ಟು, ಕೋಲನ್ನು ಆ ಮನೆಯವರ ಕೈಗೆ ಕೊಡಬೇಕು. ಅಲ್ಲಿಯವರೆಗೆ ಆ ಬಲೆಯನ್ನು ಯಾರೂ ಮುಟ್ಟುವಂತಿಲ್ಲ.

ತಿಪ್ಪಣ್ಣನ ಮಗಳು ರೇಣುಕಾ ಅಪ್ಪನ ಕೆಲಸಕ್ಕೇ ಇಳಿಯುತ್ತೇನೆಂದು ಮೀನುಗಾರರ ಸಂಘದ ಸದಸ್ಯಳಾಗಿದ್ದಾಳೆ. ಬಲೆ ಅವಳದು. ಆದರೆ ಅದು ಜಂತಿಯಲ್ಲಿತ್ತು. ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಕೆರೆಯಂಚು ಒಣಗಿ, ಎಳೆಬಲೆಯ ಕಾಲ ಮುಗಿಯುತ್ತದೆ. ಅಷ್ಟರೊಳಗೆ ಉಳಿದವನು ಹೋಗಬೇಕಿತ್ತು. ಉಳಿದವನು ನಾನು. ತಿಪ್ಪಣ್ಣನದು ನೀರಿನ ಕೋಲು. ಮತ್ತೆ, ನನಗೆ ಈಜು ಬರುವುದಿಲ್ಲ.

ಈ ಕೊನೆಯ ಮಾತನ್ನು ನಾನಾಗಿ ಯಾರಿಗೂ ಹೇಳಿದವನಲ್ಲ. ಕೆಲಸಕ್ಕೆ ಸೇರುವಾಗ ಮೇಜಿನಾಚೆ ಕೂತವರು, "ಈಜು ಬರುತ್ತೇನಪ್ಪಾ?" ಎಂದು ಕೇಳಿದರು. ನಾನು ಗೋವಿನಕೋವಿಯ ಬೇಸಾಯದ ಮನೆಯವನು. ಹೊಳೆ ಹತ್ತಿರವಿದ್ದರೂ ನಮ್ಮವ್ವ ನನ್ನನ್ನು ಅದರ ಹತ್ತಿರ ಬಿಟ್ಟವಳಲ್ಲ. "ಬರುತ್ತೆ ಸಾರ್" ಎಂದೆ. ಅವರು ಮುಂದಿನವನನ್ನು ಕರೆದರು. ಒಂದು ಪದದ ಸುಳ್ಳು. ಅದನ್ನು ಹೊತ್ತುಕೊಂಡು ಇಡೀ ನೌಕರಿ ಮಾಡಿದೆ.

ಮೊದಲು ಹಾಕಿದ್ದು ಜಗಳೂರಿಗೆ. ನನ್ನ ಅದೃಷ್ಟಕ್ಕೆ ಆ ವರ್ಷ ಅಲ್ಲಿನ ಕೆರೆಗಳಲ್ಲಿ ಕಾಲು ತೋಯುವಷ್ಟೂ ನೀರಿರಲಿಲ್ಲ. ಸೈಕಲ್ ಮೇಲೆ ಊರೂರು ತಿರುಗಿ, "ನಿಮ್ಮ ಕೆರೆಯಲ್ಲಿ ನೀರೆಷ್ಟಿದೆ?" ಎಂದು ಕೇಳಿ ಬರೆದುಕೊಳ್ಳುವುದೇ ಕೆಲಸ. ಒಂದು ಊರಲ್ಲಿ ಮುದುಕರೊಬ್ಬರು ಕೆರೆಯ ಮಧ್ಯದಲ್ಲಿ ಕುರಿ ಮೇಯಿಸುತ್ತಿದ್ದರು.

"ಯಾರಪ್ಪಾ ನೀನು?"

"ಮೀನಿನ ಇಲಾಖೆಯವನು ಅಜ್ಜಾ."

ಅವರು ಕುರಿಗಳ ಕಡೆ ಕೈ ತೋರಿಸಿದರು. "ಇವ್ನೇ ಎಣಿಸ್ಕೊಂಡು ಹೋಗು. ನಮ್ಮ ಕೆರೆ ಮೀನಿಗೆ ಉಣ್ಣೆ ಬಂದೈತೆ ಈ ವರ್ಸ."

ನಾಲ್ಕು ವರ್ಷ ಹಾಗೇ ಕಳೆಯಿತು. ಆಮೇಲೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿನ ಕೆರೆಯನ್ನು ಮೊದಲ ಸಲ ನೋಡಿದಾಗ ಆಚೆ ದಡ ಮಂಜಿನಲ್ಲಿ ಕಾಣಲಿಲ್ಲ. ದಡದಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಕೆಲಸ ಇಷ್ಟು. ಮಳೆಗಾಲದಲ್ಲಿ ಕೆರೆಗೆ ಮೀನುಮರಿ ಬಿಡುತ್ತೇವೆ. ಚಳಿಗಾಲದಲ್ಲಿ ಅವು ಎಷ್ಟು ಬೆಳೆದಿವೆ ಎಂದು ನೋಡಬೇಕು. ಅದಕ್ಕೆ ಅಂಚಿನ ನೀರಿನಲ್ಲಿ ಬಲೆ ಎಳೆದು, ಸಿಕ್ಕ ಕಾಟ್ಲಾ, ರೋಹುಗಳನ್ನು ಅಳೆದು, ತೂಗಿ, ವಾಪಸು ಬಿಡುವುದು. ಸಾಹೇಬರ ಆದೇಶದಲ್ಲಿ ಬೆಳಿಗ್ಗೆ ಆರು ಗಂಟೆಗೆ ನೀರಿನಲ್ಲಿರಬೇಕು ಎಂದಿತ್ತು. ಆರಕ್ಕೆ ಹೋದೆ. ತಿಪ್ಪಣ್ಣ ದಡದಲ್ಲಿ ಕಂಬಳಿ ಹೊದ್ದು ಬೀಡಿ ಸೇದುತ್ತಾ ಕೂತಿದ್ದ. ಬಲೆ ಇನ್ನೂ ಬಿಚ್ಚಿರಲಿಲ್ಲ.

"ಏಳಪ್ಪಾ, ಹೊತ್ತಾಯ್ತು" ಎಂದೆ.

"ಕೂತ್ಕೊಳ್ರಿ ಸಾರ್. ಇನ್ನಾ ಕೆಸರು ತಣ್ಣಗೈತೆ."

"ಕೆಸರಿಗೂ ನಮಗೂ ಏನಯ್ಯಾ ಸಂಬಂಧ?"

"ನಮಗೇನೂ ಇಲ್ರಿ. ಮೀನಿಗೈತೆ."

ನಾನು ಕೇಳಲಿಲ್ಲ, ಎಳೆಸಿದೆ. ಎರಡು ಸಲ ಎಳೆದರೂ ಬಲೆಯಲ್ಲಿ ಬಂದದ್ದು ಪಾಚಿ, ಒಂದು ಏಡಿ, ಯಾರದೋ ಹರಿದ ಚಪ್ಪಲಿ. ಹತ್ತೂವರೆಗೆ ಬಿಸಿಲು ಏರಿದ ಮೇಲೆ ತಿಪ್ಪಣ್ಣ ತಾನೇ ಎದ್ದ. ಅಂಚಿನ ಕಪ್ಪು ಕೆಸರಿಗೆ ಅಂಗೈ ಒತ್ತಿ ನೋಡಿದ, ಹೆಂಗಸರು ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವಂತೆ. "ಈಗ ಬರ್ರಿ" ಎಂದ. ಆ ಎಳೆತದಲ್ಲಿ ಬಲೆ ಎತ್ತಲು ಇನ್ನಿಬ್ಬರನ್ನು ಕೂಗಬೇಕಾಯಿತು.

ಇದನ್ನು ಹೊಸಬರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಳಿಗಾಲದಲ್ಲಿ ಅಂಚಿನ ನೀರು ಬೆಳಗಿನ ಜಾವಕ್ಕೆ ತಣ್ಣಗಾಗಿರುತ್ತದೆ, ಮೀನು ಆಳಕ್ಕೆ ಇಳಿದಿರುತ್ತದೆ. ಬಿಸಿಲಿಗೆ ಮೊದಲು ಕಾಯುವುದು ಆಳವಿಲ್ಲದ ಕಡೆಯ ಕಪ್ಪು ಕೆಸರು. ಅದು ಕಾದಾಗ ಮೀನು ಮೈ ಕಾಯಿಸಲು ಮಂಡಿಮಟ್ಟದ ನೀರಿಗೆ ತಾನೇ ಬರುತ್ತದೆ. ಬಂದಿದೆ ಎಂದು ತಿಳಿಯುವುದು ಹೇಗೆ? ನೀರೊಳಗೆ ಅಲ್ಲಲ್ಲಿ ಕೆಸರು ಹೊಗೆಯ ಹಾಗೆ ಏಳುತ್ತದೆ. ಗಾಳಿ ಇಲ್ಲದೆಯೂ ಮೇಲೆ ಒಂದು ಸುಕ್ಕು ಓಡುತ್ತದೆ. ಅಷ್ಟು ಕಂಡರೆ ಸಾಕು. ಇಳಿದ ಮೇಲೆ ಕಾಲು ಎತ್ತಿ ಇಡಬೇಡಿ, ಜಾರಿಸಿ. ಎತ್ತಿದ ಕಾಲು ಸದ್ದು ಮಾಡುತ್ತದೆ. ಜಾರಿಸಿದ ಕಾಲಿಗೆ ಮುಂದಿನ ಗುಂಡಿಯೂ ತಿಳಿಯುತ್ತದೆ. ನೆರಳು ಮುಂದೆ ಬೀಳದಂತೆ ಸೂರ್ಯನಿಗೆ ಎದುರಾಗಿ ನಡೆಯಿರಿ.

ಗುಂಡಿಯ ವಿಷಯ ನಾನು ಕಲಿತದ್ದು ಅದೇ ವಾರ. ತಿಪ್ಪಣ್ಣ ಜಾರಿಸಿ ಎಂದಿದ್ದ. ನಾನು ಮರೆತು ಹೆಜ್ಜೆ ಎತ್ತಿಟ್ಟೆ. ಎಮ್ಮೆ ಹೊರಳಿದ ಗುಂಡಿಯೊಳಗೆ ಕಾಲು ಹೋಗಿ ಮಗುಚಿಬಿದ್ದೆ. ಮೂಗಿಗೆ, ಬಾಯಿಗೆ ನೀರು ತುಂಬಿತು. ಕೈಕಾಲು ಬಡಿದೆ. ಸತ್ತೆ ಎಂದೇ ಅಂದುಕೊಂಡೆ. ಅಷ್ಟರಲ್ಲಿ ಯಾರೋ ಅಂಗಿಯ ಕಾಲರ್ ಹಿಡಿದರು. ಕಿವಿಯ ಹತ್ತಿರ ತಿಪ್ಪಣ್ಣನ ಧ್ವನಿ, ತೀರಾ ಮೆಲ್ಲಗೆ:

"ಸಾರ್, ಎದ್ದು ನಿಂತ್ಕೊಳ್ರಿ. ಮಂಡಿಮಟ ಐತೆ."

ನಿಂತೆ. ನಿಜ, ಮಂಡಿಮಟ್ಟವೇ ಇತ್ತು.

ಅವನು ಸುತ್ತ ನೋಡಿದ. ಯಾರೂ ಹತ್ತಿರವಿರಲಿಲ್ಲ. "ಈಜು ಬರಲ್ಲೇನ್ರಿ?"

"ಇಲ್ಲ."

"ಮೀನಿನ ಸಾಹೇಬ್ರು."

"ಹೂಂ."

ಅವನು ನಗಲಿಲ್ಲ. ದಡಕ್ಕೆ ಕರೆದುಕೊಂಡು ಹೋಗಿ ತನ್ನ ಒಣ ಅಂಗಿ, ಲುಂಗಿ ಕೊಟ್ಟ. ಅವನೂ ನಾನೂ ಒಂದೇ ಎತ್ತರ, ಒಂದೇ ಮೈಕಟ್ಟು. ಅಂಗಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವನು ಹೇಳಿದ: "ಇವತ್ತಿಂದ ದಡದ ಕೋಲು ನಿಮ್ದು, ನೀರಿನ ಕೋಲು ನಂದು. ಮಾತು ಇಲ್ಲಿಗೆ ಮುಗೀತು." ಮುಗಿಯಿತು ಎಂದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಅವನು ಆ ವಿಷಯ ಮತ್ತೆ ಎತ್ತಲಿಲ್ಲ.

ಎತ್ತುವ ಪ್ರಸಂಗ ಒಂದು ಬಂದಿತ್ತು. ಆಗ ಬಂದ ಹೊಸ ಸಾಹೇಬರು ಕಟ್ಟುನಿಟ್ಟಿನವರು. ಜೀಪಿನಲ್ಲಿ ಬಂದು, ಬೂಟು ಕೆಸರಾಗದಂತೆ ಕಲ್ಲಿನ ಮೇಲೆ ನಿಂತು, ನಮ್ಮ ಎಳೆತ ನೋಡುತ್ತಿದ್ದರು. ಆ ಕೆರೆಯಲ್ಲಿ ತೂಬಿನ ಹತ್ತಿರ ಕಲ್ಲಿನ ಮೆಟ್ಟಿಲುಗಳಿವೆ. ನೀರು ಇಳಿಯುತ್ತಾ ಬಂದು ಐದನೇ ಮೆಟ್ಟಿಲು ಮುಟ್ಟಿದಾಗ ಎಳೆಬಲೆಗೆ ಸರಿಯಾದ ಕಾಲ ಎಂಬುದು ತಿಪ್ಪಣ್ಣನ ಲೆಕ್ಕ. ನಾವು ಯಾವ ವರ್ಷವೂ ಅದಕ್ಕೆ ಮೊದಲು ಇಳಿದವರಲ್ಲ, ಅದು ತಪ್ಪಿದ ಮೇಲೂ ಇಳಿದವರಲ್ಲ. ಅವತ್ತೂ ನೀರು ಐದನೇ ಮೆಟ್ಟಿಲಿನಲ್ಲಿತ್ತು.

"ಹಾಲೇಶಪ್ಪ," ಸಾಹೇಬರು ಕೂಗಿದರು, "ನೀವು ಯಾಕ್ರೀ ಯಾವಾಗ್ಲೂ ದಡದಲ್ಲೇ ಇರ್ತೀರಿ? ಆ ಕಡೆ ಹೋಗಿ ನೋಡೋಣ. ಕೋಲು ಬದಲು ಮಾಡಿ."

 ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಬಲೆಯ ಆ ತುದಿಯಿಂದ ತಿಪ್ಪಣ್ಣ ಕೂಗಿದ:

"ಬ್ಯಾಡ್ರಿ ಸಾಹೇಬ್ರೆ! ಇಲ್ಲಿ ಎದಿಮಟ ಐತೆ! ನೋಡ್ರಿ ಬೇಕಾದ್ರೆ!"

ಎಲ್ಲರೂ ನೋಡಿದೆವು. ನೀರು ಅವನ ಎದೆಯವರೆಗೆ ಇತ್ತು. ಕೋಲನ್ನು ಎರಡು ಕೈಯಲ್ಲಿ ಹಿಡಿದು, ಗಲ್ಲ ಮೇಲೆತ್ತಿ, ತಡೆದು ತಡೆದು ಹೆಜ್ಜೆ ಇಡುತ್ತಿದ್ದ.

"ಅಳೆಯೋರು ಮುಳುಗಿದ್ರೆ ಬರೆಯೋರು ಯಾರ್ರಿ?" ಎಂದು ಮತ್ತೆ ಕೂಗಿದ.

ಸಾಹೇಬರಿಗೂ ನಗು ಬಂತು. "ಆಯ್ತು ಆಯ್ತು, ನಡೀಲಿ" ಎಂದು ಜೀಪು ಹತ್ತಿದರು.

ಆ ಸಂಜೆ ತಿಪ್ಪಣ್ಣ ಮನೆಯ ಕಟ್ಟೆಯ ಮೇಲೆ ಕೂತು ಮಂಡಿಗೆ ಕರ್ಪೂರದೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ಎಳೆಬಲೆಯ ದಿನಗಳಲ್ಲಿ ಅವನಿಗೆ ಮಂಡಿನೋವು ತಪ್ಪುತ್ತಿರಲಿಲ್ಲ. ತಣ್ಣೀರಿನ ದೆಸೆಯಿಂದ ಎಂದುಕೊಂಡು ನಾನು ನ್ಯಾಮತಿಯ ಅಂಗಡಿಯಿಂದ ಪ್ರತಿ ಚಳಿಗಾಲ ಎಣ್ಣೆಯ ಸೀಸೆ ಒಯ್ದು ಕೊಡುತ್ತಿದ್ದೆ. ಒಂದು ವರ್ಷ ನನಗೇ ನಾಚಿಕೆಯಾಗಿ, "ಈ ಸಲ ನೀರಿನ ಕೋಲು ನನಗೆ ಕೊಡು, ಏನಾದರಾಗಲಿ" ಎಂದೆ. ಅವನು ಆ ಕಡೆ ಇಳಿದು ನಡೆದ. ಎದೆಮಟ್ಟ ನೀರಿನಲ್ಲಿ ನಿಂತು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಮತ್ತೆ ದಡದ ಕೋಲು ಹಿಡಿದೆ.

ಅವನು ಜೊತೆಗಿಲ್ಲದಾಗ ನಾನು ಮಾಡಿದ ದೊಡ್ಡ ತಪ್ಪನ್ನೂ ಬರೆಯಬೇಕು. ನಡುವೆ ಒಂದು ವರ್ಷ ನನ್ನನ್ನು ಹೊನ್ನಾಳಿಗೆ ಕಳಿಸಿದ್ದರು. ಹೊಳೆಗೆ ಮೀನುಮರಿ ಬಿಡುವುದಿತ್ತು. ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತುಂಬಿ, ಲಾರಿಯಲ್ಲಿ ಬಿಸಿಲಿನಲ್ಲಿ ಬಂದ ಮರಿಗಳು. ಊರ ಹಿರಿಯರು ಹಾರ ತಂದಿದ್ದರು, ಫೋಟೋದವರು ಬಂದಿದ್ದರು, ಎಲ್ಲರಿಗೂ ಅವಸರ. ಚೀಲವನ್ನು ಮೊದಲು ಹೊಳೆಯ ನೀರಿನಲ್ಲಿ ಕಟ್ಟಿದ ಬಾಯಿ ಸಮೇತ ಸ್ವಲ್ಪ ಹೊತ್ತು ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬಂದ ಮೇಲೆ ಬಿಚ್ಚಬೇಕು. ನನಗೆ ಗೊತ್ತಿತ್ತು. ಆದರೂ ಅವರು "ಬಿಡ್ರಿ, ಬಿಡ್ರಿ" ಎಂದಾಗ ಬಾಯಿ ಬಿಚ್ಚಿ ಸುರಿದುಬಿಟ್ಟೆ. ಫೋಟೋ ಮುಗಿದು, ಜನ ಹೋಗಿ, ನಾನು ಖಾಲಿ ಚೀಲ ಮಡಿಸುತ್ತಿದ್ದಾಗ ನೋಡಿದೆ. ದಡದುದ್ದಕ್ಕೂ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ಅಕ್ಕಿ ಚೆಲ್ಲಿದ ಹಾಗೆ.

ಅದನ್ನು ತಿಪ್ಪಣ್ಣನಿಗೆ ಹೇಳಿದಾಗ ಅವನು ಸೇದುತ್ತಿದ್ದ ಬೀಡಿ ಆರಿಸಿದ. ಆಮೇಲೆ, "ಎಳೇ ಕೂಸಿಗೆ ನೀರು ಹಾಕೋ ಮುಂದೆ ಮೊಣಕೈ ಅದ್ದಿ ನೋಡಲ್ಲೇನ್ರಿ? ಅಷ್ಟೇ ಅದು" ಎಂದ. ನಿಮಗೂ ಅವಸರ ಮಾಡುವವರು ಸಿಗುತ್ತಾರೆ. ಹಾರ ಬಾಡಲಿ, ಫೋಟೋದವರು ಬೈಯಲಿ, ಚೀಲ ತೇಲಲಿ.

ಈಗ ಎಷ್ಟೋ ಬದಲಾಗಿದೆ. ಹತ್ತಿಯ ದಾರದ ಬಲೆ ಹೋಗಿ ನೈಲಾನ್ ಬಂತು. ಮೀನನ್ನು ಹಲಗೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ನಿಂತ ಜಾಗದ ಗುರುತು ಸಮೇತ ಕಳಿಸಬೇಕು. ಒಳ್ಳೆಯದೇ. ನಮ್ಮ ಕಾಲದಲ್ಲಿ ಮನೆಯಲ್ಲೇ ಕೂತು ಮೀನು ಅಳೆದವರೂ ಇದ್ದರು. ನೀರೊಳಗಿನ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರವನ್ನೂ ಒಮ್ಮೆ ತಂದಿದ್ದರು. ಮಂಡಿಮಟ್ಟದ ನೀರಿನಲ್ಲಿ ಅದು ಕೆಸರನ್ನೇ ತೋರಿಸುತ್ತಿತ್ತು. ತಿಪ್ಪಣ್ಣ ಅದರೊಳಗೆ ಬಗ್ಗಿ ನೋಡಿ, "ಇದಕ್ಕೂ ಚಳಿ ಆಗೈತೆ, ಬಿಸಿಲಿಗಿಡ್ರಿ" ಎಂದಿದ್ದ.

ನಾನು ನಿವೃತ್ತನಾದ ಮೇಲೂ ಚಳಿಗಾಲದಲ್ಲಿ ಒಂದು ದಿನ ಹೋಗಿ ಅವನ ಜೊತೆ ಎಳೆದು ಬರುತ್ತಿದ್ದೆ. ಈ ವರ್ಷ ಹೋಗದೆ ದಿನ ತಳ್ಳಿದೆ. ತಿಥಿಗೆ ಹೋದಾಗ ಜಂತಿಯ ಬಲೆಯ ಕಡೆ ಕಣ್ಣೆತ್ತದೆ ಊಟ ಮಾಡಿ ಬಂದೆ. ದೀಪಾವಳಿಗೆ ಬರುತ್ತೇನೆಂದೆ, ಹೋಗಲಿಲ್ಲ. ಕಾರ್ತಿಕ ಕಳೆಯಿತು. ಕಾಲುನೋವು, ಬಸ್ಸಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನ್ನನ್ನು ಹಿಡಿದದ್ದು ಎರಡು. ಆ ಎದೆಮಟ್ಟದ ನೀರಿನ ಭಯ ಒಂದು. ಕೋಲನ್ನು ಕೊಟ್ಟುಬಿಟ್ಟರೆ ಅವನು ಹೋದದ್ದು ನಿಜವಾಗಿಬಿಡುತ್ತದೆ ಎಂಬುದು ಇನ್ನೊಂದು.

ಕಚೇರಿಯಲ್ಲಿ ಮಾತು ಬಾರದೆ ವಾಪಸಾದ ಮೂರನೇ ದಿನ ರೇಣುಕಾ ಫೋನ್ ಮಾಡಿದಳು.

"ಕಾಕಾ, ನೀರು ಐದನೇ ಮೆಟ್ಲಿಗೆ ಬಂದೈತೆ."

ನಾನು ಕಾಲುನೋವಿನ ಮಾತು ತೆಗೆದೆ.

"ನಿಮಗೆ ಆಗಲ್ಲ ಅಂದ್ರೆ ಆಗಲ್ಲ ಅನ್ರಿ. ನಾನು ಬ್ಯಾರೆ ಬಲೆ ನೋಡ್ಕಂತೀನಿ. ಅಪ್ಪನ್ದು ಅಲ್ಲೇ ಇರ್ಲಿ. ಆದ್ರೆ ಬರ್ತೀನಿ ಬರ್ತೀನಿ ಅಂತ ಹೇಳಬ್ಯಾಡ್ರಿ. ಅವ್ವ ದಿನಾ ಬಾಗ್ಲು ನೋಡ್ತಾಳೆ."

"ನಾಳೆ ಬರ್ತೀನಿ" ಎಂದೆ. ಫೋನ್ ಇಟ್ಟ ಮೇಲೆ ಅಂಗಡಿಗೆ ಹೋಗಿ ಕರ್ಪೂರದೆಣ್ಣೆಯ ಸೀಸೆ ಕೊಂಡೆ. ಅಭ್ಯಾಸಬಲ. ಮನೆಗೆ ಬಂದ ಮೇಲೆ ಯಾರಿಗೆ ಎಂದು ನೆನಪಾಯಿತು. ಆದರೂ ಚೀಲಕ್ಕೆ ಹಾಕಿಕೊಂಡೆ.

ಮರುದಿನ ನಾನು ಹೋದಾಗ ತಿಪ್ಪಣ್ಣನ ಹೆಂಡತಿ ಲಕ್ಕಮ್ಮ ಬಲೆಯನ್ನು ಕೆಳಗಿಳಿಸಿ ಕಾಯುತ್ತಿದ್ದರು. "ಬಂದ್ರಾ ಹಾಲೇಶಣ್ಣ? ನೀವು ಬರೋದ್ರಾಗೆ ಇಲಿ ತಿಂದು ಮುಗಿಸ್ತಾವೆ ಅಂದ್ಕಂಡಿದ್ದೆ" ಎಂದರು. ಗಂಟು ಬಿಚ್ಚುವಾಗಲೂ ಬೈಯುತ್ತಲೇ ಇದ್ದರು. ಹತ್ತೂವರೆಯವರೆಗೆ ಮೂವರೂ ದಡದಲ್ಲಿ ಕೂತೆವು. ರೇಣುಕಾ ಎದ್ದು ಹೋಗಿ ಕೆಸರಿಗೆ ಅಂಗೈ ಒತ್ತಿದಳು. ನಾನು ನೀರಿನ ಕೋಲು ಹಿಡಿದೆ.

ರೇಣುಕಾ ದಡದ ಕೋಲು ಹಿಡಿದು ನಿಂತಳು. ನಾನು ಆಳದ ಕಡೆ ತಿರುಗಿ ಕಾಲು ಜಾರಿಸಿದೆ. ನೀರು ಮೀನಖಂಡ ಮುಟ್ಟಿತು. ಮಂಡಿ ದಾಟಿತು. ತೊಡೆ ತಣ್ಣಗಾಯಿತು.  ಬಿದ್ದರೂ ಸರಿ, ಕೋಲು ಬಿಡುವುದಿಲ್ಲ ಎಂದುಕೊಂಡೆ. ಇನ್ನೊಂದು ಜಾರು, ಮತ್ತೊಂದು. ನೀರು ಸೊಂಟಕ್ಕೆ ಬಂತು. ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕಾದೆ. ಬಲೆ ಉದ್ದಕ್ಕೂ ಬಿಚ್ಚಿ ಬಿಗಿಯಾಯಿತು. ತಿಪ್ಪಣ್ಣ ನಡೆಯುತ್ತಿದ್ದ ಸಾಲಿನಲ್ಲೇ ನಾನು ನಿಂತಿದ್ದೆ. ನೀರು ಸೊಂಟದಲ್ಲೇ ಇತ್ತು.

ತೂಬಿನ ಕಡೆ ನೋಡಿದೆ. ಐದನೇ ಮೆಟ್ಟಿಲು. ಹತ್ತು ಹೆಜ್ಜೆ ನಡೆದೆ, ಇಪ್ಪತ್ತು ನಡೆದೆ. ಸೊಂಟ. ಕಾಲಡಿಯ ನೆಲ ಅಂಗಳದ ಹಾಗೆ ಸಮತಟ್ಟು.

"ರೇಣುಕಾ, ಆಳ ಎಲ್ಲೈತೆ?" ಎಂದು ಕೂಗಿದೆ.

ಉತ್ತರ ಬಂದದ್ದು ದಡದಿಂದ. ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಅಷ್ಟು ದೂರಕ್ಕೆ ತಿಳಿಯಲಿಲ್ಲ.

"ಅಷ್ಟೇ ಹಾಲೇಶಣ್ಣ! ಅಲ್ಲಿ ಯಾವಾಗ್ಲೂ ಅಷ್ಟೇ! ಮಂಡಿ ಬಗ್ಗಿಸ್ಬ್ಯಾಡೋ ಮಾರಾಯ, ಸಾಯ್ತೀಯ ನೋವಾಗಿ ಅಂದ್ರೆ ಕೇಳ್ತಿದ್ನಾ ಅವನು? ನಾ ಎದ್ದು ನಡೆದ್ರೆ ನಮ್ಮ ಮೀನಿನ ಸಾಹೇಬ್ರು ಸಣ್ಣೋರಾಗ್ತಾರೆ ಅಂತಿದ್ದ!"

ನಾನು ಅಲ್ಲೇ ನಿಂತೆ. ಬಲೆಯೊಳಗೆ ಮೀನು ಬಡಿಯತೊಡಗಿದ್ದು ಕೋಲಿಗೆ ತಿಳಿಯುತ್ತಿತ್ತು. ಆಮೇಲೆ ಮಂಡಿ ಬಗ್ಗಿಸಿದೆ. ನೀರು ಹೊಟ್ಟೆ ದಾಟಿ ಎದೆಗೆ ಬಂತು. ಗಲ್ಲ ಮೇಲೆತ್ತಿ ಹಾಗೇ ನಡೆದೆ. ಹತ್ತು ಹೆಜ್ಜೆಗೆ ತೊಡೆ ಉರಿಯಿತು, ಮೂವತ್ತಕ್ಕೆ ಮಂಡಿಯ ಚಿಪ್ಪು ಕಳಚಿಬೀಳುವಂತಾಯಿತು. "ಯಾಕ್ ಕಾಕಾ, ಎದ್ದು ನಡೀರಿ!" ಎಂದು ರೇಣುಕಾ ಕೂಗಿದಳು. ಏಳಲಿಲ್ಲ. ದಡ ಸೇರುವವರೆಗೆ ಹಾಗೇ ನಡೆದೆ.

ಬಲೆಯಲ್ಲಿ ಚೆನ್ನಾಗಿ ಬೆಳೆದ ಕಾಟ್ಲಾಗಳಿದ್ದವು, ಕೆಲವು ರೋಹು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟೆವು. ಕೋಲನ್ನು ರೇಣುಕಾಳ ಕೈಗೆ ಕೊಟ್ಟೆ. ಅವಳು ಅದನ್ನು ಹಣೆಗೆ ಒತ್ತಿಕೊಂಡು, ದಡದ ಕೋಲನ್ನು ಅವ್ವನಿಗೆ ಕೊಟ್ಟು, ಎರಡನೇ ಎಳೆತಕ್ಕೆ ಇಳಿದಳು.

ಹೊಸಬರಿಗೆ ಹೇಳುವುದು ಇಷ್ಟೇ. ಈಜು ಕಲಿಯಿರಿ, ಬರುವುದಿಲ್ಲವಾದರೆ ಬರುವುದಿಲ್ಲ ಎಂದು ಮೊದಲ ದಿನವೇ ಹೇಳಿ. ನಿಮ್ಮ ಬಲೆಯ ಆ ತುದಿ ಹಿಡಿದವನ ನೀರು ಎಷ್ಟಿದೆ ಎಂದು ವರ್ಷಕ್ಕೊಮ್ಮೆಯಾದರೂ ನೀವೇ ಹೋಗಿ ನಿಂತು ನೋಡಿ.

ಆ ಸಂಜೆ ಬಸ್ಸಿನ ಮೆಟ್ಟಿಲು ಹತ್ತಲು ಎರಡು ಕೈ ಬೇಕಾಯಿತು. ಮಂಡಿ ನಾಲ್ಕು ದಿನ ನೋಯಿತು. ಎಣ್ಣೆಯ ಸೀಸೆ ಚೀಲದಲ್ಲೇ ಇತ್ತು. ನಾನು ಹಚ್ಚಿಕೊಳ್ಳಲಿಲ್ಲ.